ಪೂರ್ವಕ್ಕೆ ತಿರುಗಿದ ಬಾಣ

ಆಂಟೆನಾದ ಕೆಳಗಿನ ತಿರುಪಿಗೆ ಒಣಗಿದ ಬಾಳೆನಾರು ಒಂದೂವರೆ ಸುತ್ತು ಸುತ್ತಿಕೊಂಡಿತ್ತು. ಹೂವು ಎಂದೋ ಉದುರಿಹೋಗಿ ಗಂಟುಗಳು ಮಾತ್ರ ಉಳಿದಿದ್ದವು. ಉಗುರಿನಿಂದ ಅದನ್ನು ಬಿಡಿಸಿ ಕಂಬದ ಬುಡಕ್ಕೆ ಹಾಕಿದೆ. ಆಮೇಲೆ ಕೈಯಲ್ಲಿದ್ದ ಫಾರ್ಮನ್ನು ತುಂಬಿಸಿದೆ. ಅದರ ಏಳನೆಯ ಸಾಲಿನಲ್ಲಿ, ಆಂಟೆನಾದ ಅಂಚಿನ ಬಾಣದ ಗುರುತು ಉತ್ತರಕ್ಕೆ ಇದೆಯೇ ಎಂಬ ಪ್ರಶ್ನೆಯ ಮುಂದೆ, ಹಿಂದಿನ ವರ್ಷದ ಫಾರ್ಮು ನೋಡಿಕೊಂಡು "ಹೌದು" ಎಂದು ಬರೆದೆ. ತಲೆ ಎತ್ತಿ ಬಾಣವನ್ನು ನೋಡಲಿಲ್ಲ.

ಕೆಲಸ ಬಿಟ್ಟು ಆರು ತಿಂಗಳಾಯಿತು. ಮೂವತ್ತಾರನೆಯ ವಯಸ್ಸಿನಲ್ಲಿ ನಿವೃತ್ತಿ ಎನ್ನುವುದು ದೊಡ್ಡ ಮಾತು. ಆದರೂ ಈ ಕೆಲಸದ ಮಟ್ಟಿಗೆ ನಾನು ನಿವೃತ್ತಳೇ, ಮತ್ತೆ ಹೋಗುವುದಿಲ್ಲ. ಕಾರಣಗಳು ಇಲ್ಲಿ ಬೇಡ. ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹುಡುಗಿಯರು ಮೊನ್ನೆ ಕಡಿಯಾಳಿಯ ನಮ್ಮ ಮನೆಗೆ ಬಂದು, "ಅಕ್ಕ, ಈ ಕೆಲಸದಲ್ಲಿ ನಿಜವಾಗಿ ಮಾಡ್ಲಿಕ್ಕೆ ಎಂತ ಉಂಟು?" ಎಂದು ಕೇಳಿದರು. ಎದುರು ಕೂತು ಹೇಳುವುದು ನನಗೆ ಯಾವತ್ತೂ ಕಷ್ಟ. ಚಹಾ ಕೊಟ್ಟು ಕಳಿಸಿದೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ಮಾಡಲಿಕ್ಕಿರುವುದು ಇಷ್ಟು. ಬಂಡೆಗೆ ಕಬ್ಬಿಣದ ಸರಳು ಇಳಿಸಿ, ಕಾಂಕ್ರೀಟಿನ ಕಂಬ ಕಟ್ಟಿ, ಅದರ ತಲೆಯ ಮೇಲೆ ಒಂದು ಆಂಟೆನಾ ಕೂರಿಸುತ್ತಾರೆ. ಅದು ಉಪಗ್ರಹಗಳ ಸಂಕೇತವನ್ನು ಹಿಡಿಯುತ್ತದೆ. ಕೆಳಗಿನ ಪೆಟ್ಟಿಗೆಯೊಳಗಿನ ರಿಸೀವರ್ ಅದನ್ನು ಬರೆದಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಹಾಗೆ ಬರೆದಿಟ್ಟರೆ ಆ ಬಂಡೆ ಯಾವ ಕಡೆಗೆ, ಎಷ್ಟು ಮಿಲಿಮೀಟರ್ ಸಾಗಿದೆ ಎಂದು ಗೊತ್ತಾಗುತ್ತದೆ. ಮಣಿಪಾಲದ ನಮ್ಮ ಕೊಠಡಿಗೆ ದೂರದ ದ್ವೀಪಗಳ ಕಂಬಗಳಿಂದಲೂ ಕಾರ್ಕಳ, ಕಾಪುವಿನ ಕಂಬಗಳಿಂದಲೂ ಇಂಥ ದಾಖಲೆ ಬರುತ್ತಿತ್ತು. "ಭೂಕಂಪ ಯಾವಾಗ ಆಗ್ತದೆ?" ಎಂದು ಬಸ್ಸಿನಲ್ಲಿ ಪಕ್ಕದವರು ಕೇಳುತ್ತಾರೆ. ಗೊತ್ತಿಲ್ಲ ಎಂದರೆ ನಂಬುವುದಿಲ್ಲ. ನಮಗೆ ಗೊತ್ತಾಗುವುದು ಯಾವಾಗ ಎಂದಲ್ಲ, ಯಾರ ಮೇಲೆ ಎಷ್ಟು ಭಾರ ಉಂಟು ಎಂದು ಮಾತ್ರ.

ಇದನ್ನು ನನಗೆ ಕಲಿಸಿದವರು ನಮ್ಮ ಮುಖ್ಯಸ್ಥರಾಗಿದ್ದ ಶ್ಯಾನುಭಾಗ್ ಸರ್. ಸೇರಿದ ಎರಡನೆಯ ವಾರ ಅವರು ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದರು. ಕಂಬ ತೋರಿಸಿದ ಮೇಲೆ ಮರಳಿನ ಕಡೆಗೆ ನಡೆದರು. ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿಗೆ ಬಿಟ್ಟ ಉದ್ದದ ಬಲೆಯನ್ನು ಅದರ ಎರಡು ತುದಿಯ ಹಗ್ಗ ಹಿಡಿದು ಎರಡು ಗುಂಪು ದಡದಿಂದ ಎಳೆಯುವುದು. ಅಂದು ನೀರು ದಕ್ಷಿಣಕ್ಕೆ ಸೆಳೆಯುತ್ತಿತ್ತು, ಬಲೆ ಓರೆಯಾಗಿ ಬರುತ್ತಿತ್ತು.

"ಸರಿ ನೋಡು," ಎಂದರು ಸರ್. "ಬಲೆಯ ಭಾರ ಒಂದೇ. ಈ ಹಗ್ಗದವರು ಸ್ವಲ್ಪ ಸಡಿಲ ಬಿಟ್ಟರೆ ಎಂತ ಆಗ್ತದೆ?"

"ಆ ಹಗ್ಗದವರಿಗೆ ಬೀಳ್ತದೆ."

"ಅಷ್ಟೇ ಮಾರಾಯ್ತಿ. ಉಳಿದದ್ದೆಲ್ಲ ಗಣಿತ."

ಹಗ್ಗದ ತುದಿಯಲ್ಲಿದ್ದ ಒಬ್ಬರು ತಿರುಗಿ ನೋಡಿ, "ಪಾಠ ಸಾಕು ಮಾಷ್ಟ್ರೇ, ಭಾರ ಗೊತ್ತಾಗಬೇಕಾದರೆ ಇಲ್ಲಿ ಬಂದು ಹಿಡೀರಿ," ಎಂದರು. ಸರ್ ಪ್ಯಾಂಟು ಮಡಚಿಕೊಂಡು ಹೋಗಿಯೇ ಬಿಟ್ಟರು. ನಾನು ಅವರ ಚಪ್ಪಲಿ ಕಾಯುತ್ತ ನಿಂತೆ. ಹಿಂದೆ ಬರುವಾಗ ಅಂಗೈ ಕೆಂಪಾಗಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ಬೂತಾಯಿ ಮೀನು ಇತ್ತು.

ನಾವು ಅಳೆಯುತ್ತಿದ್ದ ಜಾಗದಲ್ಲಿ ನಡೆಯುವುದೂ ಇದೇ. ಅಂಡಮಾನಿನ ಬಳಿ ನಮ್ಮ ನೆಲವನ್ನು ಹೊತ್ತ ಭೂಫಲಕ ಪಕ್ಕದ ಫಲಕದ ಅಡಿಗೆ ಓರೆಯಾಗಿ ನುಗ್ಗುತ್ತದೆ. ಓರೆಯಾದದ್ದರಿಂದ ಚಲನೆ ಎರಡು ಪಾಲಾಗುತ್ತದೆ. ಅಡಿಗೆ ನುಗ್ಗುವ ಪಾಲನ್ನು ದ್ವೀಪಗಳ ಪಶ್ಚಿಮಕ್ಕೆ, ಕಡಲಿನ ಕಂದಕದ ಉದ್ದಕ್ಕೂ ಇರುವ ಬಿರುಕು ಹೊರುತ್ತದೆ. ಪಕ್ಕಕ್ಕೆ ಜಾರುವ ಪಾಲಿನಲ್ಲಿ ಸ್ವಲ್ಪ ಆ ಕಂದಕಕ್ಕೆ, ಹೆಚ್ಚಿನದು ದ್ವೀಪಗಳ ಪೂರ್ವಕ್ಕಿರುವ ಇನ್ನೊಂದು ಬಿರುಕಿಗೆ. ಒಟ್ಟು ಚಲನೆ ಎಷ್ಟೆಂದು ಗೊತ್ತು, ಯಾರಿಗೆ ಎಷ್ಟು ಎನ್ನುವುದೇ ಪ್ರಶ್ನೆ. ಹೊತ್ತದ್ದನ್ನು ಬಿರುಕು ಆಗಿಂದಾಗ ಜಾರಿ ಕಳೆದುಕೊಳ್ಳದಿದ್ದರೆ ಅದು ಬಿಗಿತವಾಗಿ ಕೂಡುತ್ತ ಹೋಗುತ್ತದೆ. ಕಂದಕದ ಬಿಗಿತ ಒಮ್ಮೆಲೇ ಬಿಟ್ಟರೆ ಕಡಲು ಊರಿಗೆ ಬರುತ್ತದೆ. ಆದ್ದರಿಂದ ಒಂದು ಬಿರುಕಿನ ಹೆಸರಿಗೆ ತಪ್ಪಿ ಜಾಸ್ತಿ ಬರೆದರೆ ಇನ್ನೊಂದರ ಭಾರ ಕಾಗದದ ಮೇಲೆ ಕಡಿಮೆಯಾಗುತ್ತದೆ, ಕಡಲಿನ ಅಡಿಯಲ್ಲಿ ಕಡಿಮೆಯಾಗುವುದಿಲ್ಲ.

ಮೊದಲ ಪೆಟ್ಟು ತಿಂದದ್ದು ಮಣಿಪಾಲದಲ್ಲೇ. ಕಚೇರಿಯ ಹಿಂದೆ ಪ್ರಯೋಗಕ್ಕೆಂದು ಒಂದು ಕಂಬ ಕಟ್ಟಿದ್ದೆವು. ಜೂನ್ ಬಂದದ್ದೇ ಅದು ಮೇಲೇರತೊಡಗಿತು. ಚಳಿಗಾಲದಲ್ಲಿ ಇಳಿಯಿತು. ಮಳೆನೀರಿನ ಭಾರಕ್ಕೆ ಇಡೀ ಕರಾವಳಿ ಸ್ಪಂದಿಸುತ್ತಿದೆ ಎಂದು ನಾನು ಹನ್ನೆರಡು ಪುಟ ಬರೆದೆ. ಆದರೆ ಭಾರ ಬಿದ್ದರೆ ನೆಲ ಕುಸಿಯಬೇಕಲ್ಲದೆ ಏರಬಾರದು. ಅದಕ್ಕೂ ಒಂದು ವಿವರಣೆ ಹೊಸೆದಿದ್ದೆ. ನಮ್ಮ ತಂತ್ರಜ್ಞ ಬಸವರಾಜ ಗದಗದ ಕಡೆಯವರು. ನಕ್ಷೆ ನೋಡಿ ನಕ್ಕರು.

"ಅಲ್ರೀ ಮೇಡಂ, ಇದಕ್ಕ ಹನ್ನೆರಡು ಪುಟ ಯಾಕ್ರೀ? ಕೆಳಗ ಜೇಡಿ ಐತಿ. ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ನಮ್ಮೂರ ಎರಿ ಹೊಲದಾಗ ಸಣ್ಣ ಹುಡುಗ್ರಿಗೂ ಗೊತ್ತೈತಿ."

ಅಗೆದು ನೋಡಿದರೆ ಕೆಂಪು ಮುರಕಲ್ಲಿನ ಪದರದ ಅಡಿಯಲ್ಲಿ ಮೆತ್ತನೆಯ ಬಿಳಿ ಜೇಡಿ. ಹನ್ನೆರಡು ಪುಟ ಇನ್ನೂ ನನ್ನ ಬಳಿ ಉಂಟು. ಆ ಕಂಬವನ್ನು ಬಿಟ್ಟು ಕಾರ್ಕಳದ ಕರಿಬಂಡೆಯನ್ನೇ ನೆಚ್ಚಿಕೊಂಡೆವು. ಬೇರೆ ಎಲ್ಲದರ ಚಲನೆಯನ್ನು ಅಳೆಯಲು ಅಲುಗದ ಒಂದು ಜಾಗ ಬೇಕು. ಕಾರ್ಕಳದ ಕಂಬ ನಮಗೆ ಆ ಜಾಗವಾಯಿತು. ಕಾಪುವಿನ ಕಂಬವನ್ನು ಕಡಲಿನ ಪಕ್ಕದ್ದು, ಉಬ್ಬರವಿಳಿತಕ್ಕೆ ಬಗ್ಗುವಂಥದ್ದು ಎಂದು ಲೆಕ್ಕದಿಂದ ಹೊರಗಿಟ್ಟಿದ್ದೆವು. ಎರಡರ ನಡುವೆ ಭಿನ್ನಾಭಿಪ್ರಾಯ ಬಂದರೆ ತಪ್ಪು ಕಾಪುವಿನದ್ದೇ ಎಂದು ಮೊದಲೇ ನಿರ್ಧರಿಸಿದ ಹಾಗೆ.

ಕಾರ್ಕಳದ ಕಂಬ ಇದ್ದದ್ದು ಒಂದು ಶಾಲೆಯ ಹಿಂದಿನ ಬಂಡೆಯ ಮೇಲೆ. ನೋಡಿಕೊಳ್ಳುತ್ತಿದ್ದವರು ಸುಂದರಣ್ಣ. ಅದೇ ಶಾಲೆಯಲ್ಲಿ ಗಂಟೆ ಬಾರಿಸಿ ನಿವೃತ್ತರಾದವರು. ಹುಲ್ಲು ಕೀಳುವುದು, ದನ ಓಡಿಸುವುದು, ಸೋಲಾರ್ ಫಲಕ ಒರೆಸುವುದು ಅವರ ಕೆಲಸ. ಬಂದವರಿಗೆಲ್ಲ "ಇದು ದೇಶ ಅಳೆಯುವ ಮಿಷನು" ಎಂದು ಪರಿಚಯ ಮಾಡಿಕೊಡುತ್ತಿದ್ದರು. ನಾನು ಕಾರ್ಕಳದ ಬಸ್ಸು ಇಳಿಯುವಾಗ ಕೈಯಲ್ಲಿ ಬೀಗದ ಕೈ ಹಿಡಿದು ನಿಂತಿರುತ್ತಿದ್ದರು. ಬೀಗ ನಾನೇ ತೆಗೆಯುತ್ತೇನೆ ಎಂದರೆ ಕೊಡುತ್ತಿರಲಿಲ್ಲ.

ಮೊದಮೊದಲು ತಿಂಗಳಿಗೊಮ್ಮೆ ಹೋಗಿ ದಾಖಲೆಯನ್ನು ನಾವೇ ತರಬೇಕಿತ್ತು. ಆಮೇಲೆ ಮೊಬೈಲ್ ಜಾಲದ ಮೂಲಕ ಅದು ತಾನಾಗಿಯೇ ಮಣಿಪಾಲಕ್ಕೆ ಬರತೊಡಗಿತು. ಭೇಟಿ ವರ್ಷಕ್ಕೊಂದಾಯಿತು. ಹೊಸ ವಿಧಾನವನ್ನು ನಾನು ದೂರುವುದಿಲ್ಲ, ಮಳೆಯಲ್ಲಿ ನಿಂತು ಕೇಬಲ್ ಸಿಕ್ಕಿಸುವ ಕಷ್ಟ ತಪ್ಪಿತು. ಆದರೆ ತಿಂಗಳಿಗೊಮ್ಮೆ ನೋಡುವ ವಸ್ತುವನ್ನು ನಾವು ನೋಡುತ್ತೇವೆ. ವರ್ಷಕ್ಕೊಮ್ಮೆ ನೋಡುವುದನ್ನು ಹೋದ ವರ್ಷದ ಹಾಗೆಯೇ ಉಂಟು ಎಂದುಕೊಂಡು ಬರುತ್ತೇವೆ. ಫಾರ್ಮು ತುಂಬಿಸುವಾಗ ಹಳೆಯ ಫಾರ್ಮನ್ನು ಪಕ್ಕದಲ್ಲಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇತ್ತು. ಅಕ್ಷರ ಚೆನ್ನಾಗಿರುವ ಕಾರಣಕ್ಕೆ ನನ್ನ ಫಾರ್ಮನ್ನೇ ಮಾದರಿಯಾಗಿ ಕೊಡುತ್ತಿದ್ದರು.

ಒಂದು ವರ್ಷ, ನವರಾತ್ರಿಗೆ ಎರಡು ದಿನ ಮೊದಲು, ಸಂಜೆಯ ಸಿಡಿಲಿಗೆ ಕಾರ್ಕಳದ ರಿಸೀವರ್ ಸುಟ್ಟಿತು. ಬಸವರಾಜ ಅದನ್ನು ಬಿಚ್ಚಿ ತಂದರು. ರಿಪೇರಿಗೆ ಕಳಿಸಿದ್ದು ಹಿಂದೆ ಬಂದದ್ದು ಬೇಸಿಗೆಯಲ್ಲಿ. ಅಷ್ಟು ತಿಂಗಳು ಕಂಬದ ಮೇಲೆ ಆಂಟೆನಾ ಮಾತ್ರ ಇತ್ತು, ಬರೆದಿಡುವವರಿರಲಿಲ್ಲ. ಮೇ ತಿಂಗಳಲ್ಲಿ ರಿಸೀವರ್ ಜೋಡಿಸಲು ನಾನು ಹೋದೆ. ಬಾಳೆನಾರು ಬಿಡಿಸಿದ್ದು, "ಹೌದು" ಎಂದು ಬರೆದದ್ದು ಆಗಲೇ.

ಎರಡು ವರ್ಷ ಕಳೆದು ದೊಡ್ಡ ವರದಿಯ ಸಮಯ ಬಂತು. ದ್ವೀಪದ ಒಂದು ಊರಿನಲ್ಲಿ ಆಸ್ಪತ್ರೆಯನ್ನು ದಡದ ಬಯಲಿನಲ್ಲಿ ಕಟ್ಟುವುದೋ ಹಿಂದಿನ ಗುಡ್ಡದಲ್ಲೋ ಎಂದು ತೀರ್ಮಾನಿಸುವವರು ಬೇರೆ ಕೆಲವು ವರದಿಗಳ ಜೊತೆ ನಮ್ಮದಕ್ಕೂ ಕಾಯುತ್ತಿದ್ದರು. ಲೆಕ್ಕ ನನ್ನದು. ಉತ್ತರ ಎಲ್ಲರಿಗೂ ಸ್ವಲ್ಪ ಆಶ್ಚರ್ಯ ತಂದಿತ್ತು. ಪೂರ್ವದ ಬಿರುಕು ನಾವು ತಿಳಿದದ್ದಕ್ಕಿಂತ ಹೆಚ್ಚು ಹೊರುತ್ತಿದೆ, ಕಂದಕದ ಪಾಲು ಕಡಿಮೆ. ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿಯನ್ನು ಯಾರೂ ಎರಡನೆಯ ಸಲ ಪರೀಕ್ಷಿಸುವುದಿಲ್ಲ, ನಾನೂ ಪರೀಕ್ಷಿಸಲಿಲ್ಲ.

ವರದಿ ಹೋಗಲು ಮೂರು ದಿನ ಇರುವಾಗ ಅನುಬಂಧದಲ್ಲಿ ಒಂದು ಪುಟ ಖಾಲಿ ಉಳಿಯಿತು. ತುಂಬಿಸಲೆಂದು ಕಾಪುವಿಗೆ ಹೋಲಿಸಿ ಕಾರ್ಕಳ ಎಷ್ಟು ಸರಿದಿದೆ ಎಂಬ ನಕ್ಷೆ ಮಾಡಿದೆ. ಒಂದೇ ಫಲಕದ ಮೇಲಿನ ಎರಡು ಊರು, ನಡುವೆ ಅಂಥ ಬಿರುಕು ಯಾವುದೂ ಇಲ್ಲ. ಗೆರೆ ನೇರ ಇರಬೇಕು. ಇರಲಿಲ್ಲ. ರಿಸೀವರ್ ಇಲ್ಲದಿದ್ದ ತಿಂಗಳುಗಳ ಆಚೆಗೊಂದು ಗೆರೆ, ಈಚೆಗೊಂದು ಗೆರೆ, ನಡುವೆ ಭತ್ತದ ಕಾಳಿನ ದಪ್ಪದಷ್ಟು ವ್ಯತ್ಯಾಸ. ನಾನು ಲೆಕ್ಕದಲ್ಲಿ ಖಾಲಿಯ ಮೇಲಿಂದಲೇ ಒಂದು ಓರೆಗೆರೆ ಎಳೆದುಬಿಟ್ಟಿದ್ದೆ. ಅದರ ಪ್ರಕಾರ ಅಲುಗದ ಕಾರ್ಕಳ ಮೆಲ್ಲಗೆ ದಕ್ಷಿಣಕ್ಕೆ ಹೋಗುತ್ತಿತ್ತು, ಅದರಿಂದ ಅಳೆದ ದ್ವೀಪಗಳು ಅಷ್ಟೇ ತಪ್ಪಿ ಉತ್ತರಕ್ಕೆ ಸಾಗಿದಂತೆ ಕಾಣುತ್ತಿದ್ದವು.

ಅರ್ಥ ಎರಡರಲ್ಲಿ ಒಂದು. ಕಾಪುವಿಗೂ ಕಾರ್ಕಳಕ್ಕೂ ನಡುವೆ, ಶಂಕರಪುರದ ಮಲ್ಲಿಗೆ ತೋಟಗಳ ಅಡಿಯಲ್ಲೆಲ್ಲೋ, ಯಾರಿಗೂ ಗೊತ್ತಿಲ್ಲದ ಒಂದು ಬಿರುಕು ಅಲುಗುತ್ತಿದೆ. ಅಥವಾ ಕಂಬದಲ್ಲಿ ಏನೋ ಆಗಿದೆ, ಹಾಗಾದರೆ ಆಸ್ಪತ್ರೆಗೆ ಕಾಯುತ್ತಿರುವವರಿಗೆ ನಾನು ಕೊಡಲಿರುವ ಒಳ್ಳೆಯ ಸುದ್ದಿ ಸುಳ್ಳು. ಎರಡರಲ್ಲಿ ಯಾವುದು ಇರಲಿ ಎಂದು ಬಯಸಬೇಕೆಂದು ತಿಳಿಯಲಿಲ್ಲ.

ಪ್ರತಿ ಭೇಟಿಯಲ್ಲಿ ಕಂಬದ ಫೋಟೋವನ್ನು ನಾಲ್ಕು ದಿಕ್ಕಿನಿಂದ ತೆಗೆಯುವುದು ನಿಯಮ. ತೆಗೆದಿದ್ದೆ. ತೆಗೆದು ಕಡತದಲ್ಲಿಟ್ಟಿದ್ದೆ. ಈಗ ಒಂದೊಂದಾಗಿ ತೆರೆದೆ. ಹಳೆಯ ವರ್ಷಗಳಲ್ಲಿ ಬಾಣದ ಗುರುತು ಕಾಣುವುದು ಉತ್ತರಕ್ಕೆ ಬಾವಿಯ ಬದಿಯಿಂದ ತೆಗೆದ ಚಿತ್ರದಲ್ಲಿ. ಆ ಮೇ ತಿಂಗಳಿನಿಂದ ಈಚೆಗೆ, ಪೂರ್ವಕ್ಕೆ ಗೇಟಿನ ಬದಿಯಿಂದ ತೆಗೆದ ಚಿತ್ರದಲ್ಲಿ. ಆಂಟೆನಾ ಕಾಲು ಸುತ್ತು ತಿರುಗಿತ್ತು. ಹಳೆಯ ಮಾದರಿಯ ಆ ಆಂಟೆನಾ ಸಂಕೇತ ಹಿಡಿಯುವ ಬಿಂದು ಅದರ ನಡುಮಧ್ಯದಲ್ಲಿ ಇರುವುದಿಲ್ಲ, ಸ್ವಲ್ಪ ಪಕ್ಕದಲ್ಲಿರುತ್ತದೆ. ಅದಕ್ಕೇ ಬಾಣವನ್ನು ಸದಾ ಉತ್ತರಕ್ಕಿಡುವುದು. ತಿರುಗಿಸಿದರೆ ಬಿಂದು ಸರಿಯುತ್ತದೆ. ಭತ್ತದ ಕಾಳಿನಷ್ಟು.

ಆಗ ಬಾಳೆನಾರು ನೆನಪಾಯಿತು. ಸುಂದರಣ್ಣನಿಗೆ ಫೋನ್ ಮಾಡಿದೆ.

"ಸುಂದರಣ್ಣ, ಕಂಬದ ಮೇಲಿನ ಆಂಟೆನಾ ಯಾರಾದರೂ ತಿರುಗಿಸಿದ್ದುಂಟಾ?"

"ಯಾರಾದರೂ ಯಾಕೆ ತಿರುಗಿಸ್ತಾರೆ ಮೇಡಂ? ನಾನಿಲ್ವಾ ಇಲ್ಲಿ? ನಾನೇ ತಿರುಗಿಸಿದ್ದು."

"ಯಾವಾಗ?"

"ಸಿಡಿಲು ಬಡಿದ ವರ್ಷ. ಆಯುಧ ಪೂಜೆ ದಿವಸ ಬೆಳಿಗ್ಗೆ. ಬೇರೆ ವರ್ಷ ಹೂ ಮಾತ್ರ ಇಡುವುದು. ಆ ವರ್ಷ ಪೆಟ್ಟಿಗೆ ಹೇಗೂ ಇರಲಿಲ್ಲ, ಸರಿ ಸಡಿಲ ಮಾಡಿ ತೊಳೆದೆ. ಕೂರಿಸುವಾಗ ಮುಖ ಪೂರ್ವಕ್ಕೆ ಮಾಡಿದೆ. ಪೂಜೆಗೆ ಕೂತದ್ದು ಪೂರ್ವಕ್ಕೆ ನೋಡಬೇಕು ಅಲ್ವಾ? ಆ ಬಾಣ ಇರುವುದೇ ಮುಖ ಅಲ್ವಾ?"

ನಾನು ಆಯುಧ ಪೂಜೆ ಎಂದು ಬರೆದುಕೊಂಡೆ. ಅವರು ಮುಂದುವರಿಸಿದರು. "ಆಮೇಲೆ ಒಂದು ಸಿಡಿಲು ಬಡಿದದ್ದುಂಟಾ, ನೀವೇ ಹೇಳಿ ಮಾರಾಯ್ರೇ?"

"ಇಲ್ಲ," ಎಂದೆ. ಅದು ನಿಜವಾಗಿತ್ತು.

ದಿನ ಸಿಕ್ಕಿತು. ಪಂಚಾಂಗ ನೋಡಿ ತಾರೀಕು ಹಾಕಿ, ಅಲ್ಲಿ ಗೆರೆಯನ್ನು ಎರಡಾಗಿ ಮುರಿದು ಲೆಕ್ಕ ಮತ್ತೆ ಮಾಡಿದೆ. ಅರ್ಧ ಗಂಟೆ ಸಾಕಾಯಿತು. ಕಾಪು–ಕಾರ್ಕಳದ ಗೆರೆ ನೆಲಕ್ಕೆ ಚಾಪೆ ಹಾಸಿದಂತೆ ಸಮವಾಯಿತು. ಮಲ್ಲಿಗೆ ತೋಟದ ಅಡಿಯಲ್ಲಿ ಏನೂ ಇರಲಿಲ್ಲ. ದ್ವೀಪಗಳ ಲೆಕ್ಕದಲ್ಲಿ ಪೂರ್ವದ ಬಿರುಕಿಗೆ ನಾನು ಹೆಚ್ಚಾಗಿ ಕೊಟ್ಟದ್ದು ಹಿಂದೆ ಬಂದು ಕಂದಕದ ಪಾಲಿಗೆ ಸೇರಿತು. ಸುದ್ದಿ ಈಗ ಒಳ್ಳೆಯದಲ್ಲ, ಆದರೆ ಸರಿ. ಗುಡ್ಡದ ಪರವಾಗಿ ಮಾತಾಡುವ ಸುದ್ದಿ. ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ಮುದ್ರಿಸಿಕೊಂಡೆ.

ಸರ್ ಅವರ ಕೋಣೆಗೆ ಹೋಗಿ ಎರಡು ನಕ್ಷೆಯನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಒಂದರ ಪಕ್ಕ ಒಂದನ್ನು ಇಟ್ಟು ನೋಡಿದರು. ಮೊದಲು ಉಸಿರು ಬಿಟ್ಟರು, ಆಮೇಲೆ ಸಿಟ್ಟು ಬಂತು.

"ಎಂತ ಜನ ಮಾರಾಯ್ತಿ ಅದು! ಮುಟ್ಟಬಾರದು ಅಂತ ಬೋರ್ಡು ಉಂಟಲ್ಲ? ಶಾಲೆಯವರಿಗೆ ಇವತ್ತೇ ಬರೀತೇನೆ. ಬೇರೆ ಜನ ನೋಡುವ."

ಸುಂದರಣ್ಣನಿಗೆ ಆ ಕಂಬ ಬಿಟ್ಟರೆ ಹೇಳಿಕೊಳ್ಳಲು ಬೇರೆ ಕೆಲಸ ಇರಲಿಲ್ಲ. ನನ್ನ ಕೈಯಲ್ಲಿ ಮೂರನೆಯ ಕಾಗದ ಇತ್ತು. ಅದನ್ನು ತೋರಿಸಬೇಕೆಂದೇ ಒಯ್ದಿದ್ದೆ, ಆದರೂ ಸರ್ ಪತ್ರದ ಮಾತು ಎತ್ತುವವರೆಗೆ ಮಡಚಿಯೇ ಹಿಡಿದಿದ್ದೆ ಎನ್ನುವುದನ್ನು ಇಲ್ಲಿ ಬರೆಯಬೇಕು. ತೋರಿಸದೆ ಹೊರಗೆ ಬಂದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಕಡತದಲ್ಲಿ ಏಳನೆಯ ಸಾಲನ್ನು ಯಾರು ಓದುತ್ತಾರೆ?

ಬಿಡಿಸಿ ಮುಂದಿಟ್ಟೆ. "ಅವರು ತಿರುಗಿಸಿ ಏಳು ತಿಂಗಳಿಗೆ ನಾನು ಹೋದದ್ದು ಸರ್. ಹೂವಿನ ನಾರು ನನ್ನ ಕೈಯಲ್ಲೇ ಬಿಡಿಸಿದ್ದೇನೆ. ಬಾಣ ಉತ್ತರಕ್ಕೆ ಉಂಟು ಅಂತ ಬರೆದದ್ದು ನಾನು. ನೋಡದೆ ಬರೆದೆ. ಆಮೇಲಿನ ಎರಡು ವರ್ಷವೂ ಹಾಗೇ."

ಸರ್ ಕನ್ನಡಕ ಏರಿಸಿ ಓದಿದರು. ಬೆರಳು ಏಳನೆಯ ಸಾಲಿನಿಂದ ಕೆಳಗೆ ನನ್ನ ಸಹಿಗೆ ಬಂತು. ಅಲ್ಲಿ ನಿಲ್ಲಲಿಲ್ಲ, ಇನ್ನೂ ಕೆಳಗೆ ಹೋಯಿತು.

"ಪರಿಶೀಲಿಸಿದೆ ಅಂತ ಇಲ್ಲಿ ಸಹಿ ಹಾಕಿದ ಈ ದೊಡ್ಡ ಮನುಷ್ಯ ಯಾರು?"

ಅದು ಅವರದ್ದೇ ಸಹಿ. ಅವರು ನಗಲು ಶುರುಮಾಡಿದರು. ನಗು ನಿಂತ ಮೇಲೆ ಫಾರ್ಮನ್ನು ಅಂಗೈಯಲ್ಲಿ ನೇವರಿಸಿ ಸರಿಮಾಡಿ ಹಿಂದೆ ಕೊಟ್ಟರು. "ಅವರು ಮಾಡಿದ್ದನ್ನು ಕೇಳಿದ ಕೂಡಲೇ ಹೇಳಿದ್ದಾರೆ. ದಿನ ಸಮೇತ. ನಾವಿಬ್ಬರು ಹೇಳಲಿಕ್ಕೆ ಎಷ್ಟು ವರ್ಷ ತೆಗೊಂಡೆವು ನೋಡು." ಶಾಲೆಗೆ ಪತ್ರ ಹೋಗಲಿಲ್ಲ. ಹೋದ ಪತ್ರ ಬೇರೆ: ವರದಿ ಒಂದು ತಿಂಗಳು ತಡ, ಕಾರಣ ನಮ್ಮ ಕಡೆಯ ದಾಖಲಾತಿಯ ತಪ್ಪು. ಕೆಳಗೆ ಇಬ್ಬರ ಸಹಿ. ಈ ಸಲ ಸರ್ ಓದಿಯೇ ಹಾಕಿದರು, ಗಟ್ಟಿಯಾಗಿ, ಎರಡು ಸಲ.

ಆ ದಿನ ಮಣಿಪಾಲದಿಂದ ಕಡಿಯಾಳಿಯ ತನಕ ಇಳಿಜಾರನ್ನು ನಡೆದೇ ಬಂದೆ. ಬಸ್ಸುಗಳು ಖಾಲಿ ಇದ್ದವು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಾರ್ಕಳಕ್ಕೆ ಹೋದೆ. ಸುಂದರಣ್ಣ ಬೀಗದ ಕೈ ಹಿಡಿದು ನಿಂತಿದ್ದರು. ಮುಖ ಸಣ್ಣದಾಗಿತ್ತು. ನನ್ನ ಪ್ರಶ್ನೆಯ ಅರ್ಥ ಮಲಗುವ ಹೊತ್ತಿಗೆ ಹೊಳೆದಿರಬೇಕು.

"ತಪ್ಪಾಯ್ತಾ ಮೇಡಂ? ಈಗಲೇ ಉತ್ತರಕ್ಕೆ ಮಾಡುವ, ಒಂದು ನಿಮಿಷದ ಕೆಲಸ," ಎನ್ನುತ್ತ ಬಂಡೆ ಹತ್ತಿ ತಿರುಪಿಗೆ ಕೈ ಹಾಕಿದರು.

ಅವರ ಮುಂಗೈ ಹಿಡಿದೆ. ಹಾಗೆ ಯಾರನ್ನೂ ಮುಟ್ಟುವವಳಲ್ಲ ನಾನು. "ಬೇಡ ಸುಂದರಣ್ಣ. ಈಗ ತಿರುಗಿಸಿದರೆ ಲೆಕ್ಕಕ್ಕೆ ಇನ್ನೊಂದು ಪೆಟ್ಟು ಬೀಳ್ತದೆ. ಎಲ್ಲಿಗೆ ನೋಡ್ತಾ ಉಂಟು ಅಂತ ಗೊತ್ತಿದ್ದರೆ ಸಾಕು. ಇನ್ನು ಅದು ಪೂರ್ವಕ್ಕೇ ಇರಲಿ."

"ಪೂರ್ವಕ್ಕೇ?"

"ಪೂರ್ವಕ್ಕೇ. ಹೂ ಮಾತ್ರ ಕಂಬದ ಬುಡದಲ್ಲಿ ಇಡಿ."

ಅವರು ಬಂಡೆಯ ಮೇಲೆಯೇ ಕೂತುಬಿಟ್ಟರು. ನಾನು ಕಬ್ಬಿಣದ ಬೇಲಿಯಿಂದ ದೂರ ಸರಿದು ದಿಕ್ಸೂಚಿ ಹಿಡಿದು ಬಾಣದ ದಿಕ್ಕನ್ನು ಮೂರು ಸಲ ಅಳೆದೆ. ನಾಲ್ಕು ಬದಿಯಿಂದ ಫೋಟೋ ತೆಗೆದೆ, ಒಂದೊಂದನ್ನೂ ಅಲ್ಲೇ ನಿಂತು ನೋಡಿದೆ. ಹಳೆಯ ಫಾರ್ಮು ತಂದಿರಲಿಲ್ಲ. ಖಾಲಿ ಫಾರ್ಮಿನ ಏಳನೆಯ ಸಾಲಿನಲ್ಲಿ "ಇಲ್ಲ, ಪೂರ್ವಕ್ಕೆ" ಎಂದು ಬರೆದು, ಆಯುಧ ಪೂಜೆಯ ಆ ದಿನದ ತಾರೀಕು ಹಾಕಿ, ಮಾಹಿತಿ ನೀಡಿದವರು ಎಂಬಲ್ಲಿ ಸುಂದರಣ್ಣನ ಸಹಿ ಕೇಳಿದೆ. ಅವರು ಕೈಯನ್ನು ಲುಂಗಿಗೆ ಒರೆಸಿಕೊಂಡು, ತಲೆ ಎತ್ತಿ ಬಾಣವನ್ನು ಒಮ್ಮೆ ನೋಡಿ, ಆಮೇಲೆ ಸಹಿ ಹಾಕಿದರು.